ಒಳಲಂಗ ಕಂಡವರಿದ್ದರೆ ತಿಳಿಸಿ

ನನಗೆ ಸಿಟ್ಟು ಬಂದಿದೆ. (ನನ್ನ ಅಂಕಣ ಓದುವವರು ‘ಇದರಲ್ಲೇನು ಹೊಸದು’ ಎನ್ನಬಹುದು. ಸ್ವಲ್ಪ ತಾಳಿ.) ಕಿತ್ತಳೆಯಿಂದ ಹಿಡಿದು ಕಲ್ಲಿದ್ದಲಿನವರೆಗೆ ಎಲ್ಲವೂ ಸಿಗುವ ಈ ನಾಗಪುರದಲ್ಲಿ, ಸ್ಕರ್ಟಿನ ಒಳಗೆ ತೊಡುವ ಒಂದು ಬಿಳಿಯ ಒಳಲಂಗ, ಅಂಗಡಿಯವರ ಬಾಯಲ್ಲಿ ಸ್ಲಿಪ್ಪು, ಸಿಗುತ್ತಿಲ್ಲ.

ಸ್ಕರ್ಟು ಯಾರಿಗೆ ಎನ್ನುತ್ತೀರಾ? ನನಗೇ. ವಯಸ್ಸು ಐವತ್ತೆರಡು. ಹೆಸರು ನೀಲಾಂಬಿಕಾ. ಇಲ್ಲಿನ ಕನ್ನಡ ಬಳಗದ ಪತ್ರಿಕೆಯಲ್ಲಿ ಏಳು ವರ್ಷಗಳಿಂದ ‘ಜಾಲಿಮುಳ್ಳು’ ಎಂಬ ಅಂಕಣ ಬರೆಯುತ್ತಿದ್ದೇನೆ. ಶಾಲೆ ಕಲಿತದ್ದು ಹತ್ತನೆಯ ಇಯತ್ತೆಯವರೆಗೆ. ಮಿಕ್ಕಿದ್ದೆಲ್ಲ ಶೇಂಗಾ ಕಟ್ಟಿಕೊಟ್ಟ ಕಾಗದ ಓದಿ ಸಂಪಾದಿಸಿದ ವಿದ್ವತ್ತು. ಉಮರೇಡಿನ ಕಲ್ಲಿದ್ದಲ ಧೂಳು, ರಾಮದಾಸಪೇಠದ ದವಾಖಾನೆಗಳ ಮುಂದೆ ಅಡ್ಡಾದಿಡ್ಡಿ ನಿಲ್ಲುವ ಕಾರುಗಳು, ಪ್ಲಾಸ್ಟಿಕ್ಕು, ಪಟಾಕಿ, ಗಂಡಂದಿರು... ನಾನು ಬಿಟ್ಟ ವಿಷಯವಿಲ್ಲ. ಯಾರಾದರೂ ಓದಿದ ಸುಳಿವೂ ಇಲ್ಲ. ಕಡೆಗೂ ಈ ಸಲದ ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನವೆಂದು ಕಾರ್ಯದರ್ಶಿ ವಸುಧಾ ಫೋನ್ ಮಾಡಿದರು. ಕಲ್ಲಿದ್ದಲ ಲೇಖನಕ್ಕೇ ಇರಬೇಕು ಎಂದುಕೊಂಡೆ.

ಆ ಹುರುಪಿನಲ್ಲಿ ಬಳಗದ ವಾಟ್ಸಾಪ್ ಗುಂಪಿನಲ್ಲಿ ಘೋಷಿಸಿಬಿಟ್ಟೆ: ‘ಐವತ್ತು ದಾಟಿದ ಹೆಂಗಸು ತನಗೆ ಬೇಕಾದ್ದು ತೊಡಬೇಕು. ಭಾನುವಾರ ನಾನು ಸ್ಕರ್ಟಿನಲ್ಲಿ ಬರುತ್ತೇನೆ.’ ಮೇಲಿಂದ ಮೇಲೆ ಹೆಬ್ಬೆಟ್ಟುಗಳು ಬಿದ್ದವು. ಇನ್ನು ಹಿಂದೆ ಸರಿದು ಸೀರೆ ಉಟ್ಟರೆ ಬರೆಯುವ ಕೈಗೆ ಬೆಲೆಯೇನು?

ಸ್ಕರ್ಟು ಮಗಳು ಸೌಜನ್ಯಾ ಕೊಡಿಸಿದ್ದು. ಬಿಸ್ಕಿಟ್ ಬಣ್ಣದ ತೆಳು ಹತ್ತಿಯದು, ಮೀನಖಂಡದವರೆಗೆ ಬರುತ್ತದೆ. ಅದನ್ನು ತೊಟ್ಟು ಕಿಟಕಿಯ ಮುಂದೆ ನಿಂತು, ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುವ ನನ್ನ ಪತಿದೇವರು ಸಿದ್ದಲಿಂಗಯ್ಯನವರನ್ನು ಕರೆದೆ.

“ಹೆಂಗ ಕಾಣತೈತ್ರಿ?”

“ಚಲೋ ಐತಿ. ಎರಡೂ ಕಾಲು ಬರೋಬರ್ ಕಾಣಾಕತ್ತಾವು. ಡಾಕ್ಟರು ನಿನ್ನ ಮೊಣಕಾಲಿಂದು ಎಕ್ಸ್‌ರೇ ಬೇಕಂದಿದ್ರಲ್ಲ, ಹಿಂಗs ಹೋಗಿ ನಿಂತ್ರ ಸಾಕು.”

ಸೌಜನ್ಯಾ ಫೋನಿನಿಂದ ತಲೆ ಎತ್ತಲಿಲ್ಲ. “ಮಮ್ಮಿ, ಒಳಗ ಶಾರ್ಟ್ಸ್ ಹಾಕ್ಕೋ, ಬಸ್. ಸ್ಲಿಪ್ ಗಿಪ್ ಆಜ್‌ಕಲ್ ಯಾರೂ ಹಾಕಂಗಿಲ್ಲ.”

“ಹಂಗಾರ ಎಲ್ಲಾರ ಕಾಲೂ ಕಾಣಬೇಕಲ್ಲೇ?”

“ಕಾಣ್ತಾವು. ಯಾರೂ ನೋಡಂಗಿಲ್ಲ.”

ಯಾರೂ ನೋಡದಿದ್ದರೆ ಸ್ಕರ್ಟಾದರೂ ಯಾಕೆ? ನನ್ನ ತಲೆ ಅಲ್ಲಿಂದಲೇ ಗಿರ್ರೆನ್ನತೊಡಗಿತು.

ಸೀರೆಯ ಲಂಗ ಹಾಕಿ ನೋಡಿದೆ. ಕೆಳಗೆ ಒಂದು ಗೇಣು ಇಣುಕಿತು. ಕತ್ತರಿಸಿ ಗಿಡ್ಡ ಮಾಡಿದೆ. ಈಗ ಅದರ ನೆರಿಗೆಯಿಂದಾಗಿ ಸ್ಕರ್ಟು ಉಬ್ಬಿ, ನಾನು ಬಟ್ಟೆ ಹೊದಿಸಿದ ಗ್ಯಾಸ್ ಸಿಲಿಂಡರಿನಂತೆ ಕಂಡೆ. ಮೊದಲು ನನ್ನ ಹತ್ತಿರವೇ ಮೂರು ಸ್ಲಿಪ್ಪುಗಳಿದ್ದವು, ಕೆಳಗೆ ಲೇಸು, ಸೊಂಟಕ್ಕೆ ಇಲ್ಯಾಸ್ಟಿಕ್ಕು. ಟ್ರಂಕು ಬೋರಲು ಹಾಕಿ ಜಾಲಾಡಿದರೂ ಒಂದೂ ಇಲ್ಲ. ಎಲ್ಲಿ ಹೋದವೋ!

ಶುಕ್ರವಾರ ಸ್ಕರ್ಟನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಗಾಂಧಿಬಾಗ್ ಪೇಟೆಯ ಒಂದು ಒಳಉಡುಪಿನ ಅಂಗಡಿಗೆ ಹೋದೆ. (ಅಂಗಡಿಯವರು ಹಿಂದಿಯಲ್ಲಿ ಅಂದದ್ದನ್ನು ಕನ್ನಡಕ್ಕೆ ಇಳಿಸಿದ್ದೇನೆ, ಸಿಟ್ಟು ಮಾತ್ರ ಮೂಲದ್ದು.)

“ಸ್ಲಿಪ್ಪೇ? ಈಗಿನ ಸ್ಕರ್ಟುಗಳಿಗೆ ಒಳಗೆ ಅಸ್ತರ್ ಬಟ್ಟೆ ಹೊಲಿದೇ ಬರುತ್ತದೆ ಮಾಜೀ. ಅದಕ್ಕೇ ಸ್ಲಿಪ್ಪು ತರಿಸುವುದು ಬಿಟ್ಟೆವು.”

ಚೀಲದ ಬಾಯಿ ಅಗಲಿಸಿ ಸ್ಕರ್ಟು ತೆಗೆದೆ. “ಇದರಾಗ ಅಸ್ತರ್ ಎಲ್ಲೈತಿ ತೋರಿಸಪಾ?”

ಅವನು ಅದನ್ನು ಟ್ಯೂಬ್‌ಲೈಟಿಗೆ ಹಿಡಿದ. ಆ ಕಡೆ ನಿಂತ ನನ್ನ ಮುಖ, ಕುಂಕುಮದ ಸಮೇತ, ಅವನಿಗೆ ಕಂಡಿತು. “ಸ್ಕರ್ಟು ಮಾರುವವರನ್ನೇ ಕೇಳಿ” ಎಂದ.

ಎರಡು ಗಲ್ಲಿ ದಾಟಿ ಸ್ಕರ್ಟಿನವನನ್ನು ಹಿಡಿದೆ. “ಅಸ್ತರ್ ಯಾಕೆ ಅಕ್ಕಾ? ಒಳಗೆ ಹೇಗೂ ಸ್ಲಿಪ್ಪು ಹಾಕುತ್ತೀರಲ್ಲ” ಎಂದ.

ಸ್ಲಿಪ್ಪಿದೆ ಎಂದು ಅಸ್ತರಿಲ್ಲ, ಅಸ್ತರಿದೆ ಎಂದು ಸ್ಲಿಪ್ಪಿಲ್ಲ! ಇಬ್ಬರೂ ಸೇರಿ ಬಟ್ಟೆ ಉಳಿಸಿದರು. ನಡುವೆ ಉಳಿದದ್ದು ನನ್ನ ಕಾಲುಗಳು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೇಳಬೇಕೆಂದು ಎರಡು ಸಲ ಓಡಾಡಿದೆ. ಗಲ್ಲಿ ತಪ್ಪಿ ಹಿತ್ತಾಳೆ ಪಾತ್ರೆಯವನ ಮುಂದೆ ನಿಂತು ಸ್ಲಿಪ್ಪು ಕೇಳಿದೆ.

ಮೂರನೆಯ ಅಂಗಡಿಯವನು ಮೈಬಣ್ಣದ, ಸೈಕಲ್ ಟ್ಯೂಬಿನಂಥ ಒಂದು ವಸ್ತುವನ್ನು ಎಳೆದು ತೋರಿಸಿದ. “ಇದನ್ನು ಹಾಕಿದರೆ ಹೊಟ್ಟೆ ಒಳಗೆ ಹೋಗುತ್ತದೆ.”

“ಹೋಗಿ ಎಲ್ಲಿರತೈತಿ?”

ಆ ತಾತ್ವಿಕ ಪ್ರಶ್ನೆ ಕೇಳಿ ಅವನು ಟ್ಯೂಬನ್ನು ಮಡಿಸಿ ಒಳಗಿಟ್ಟ.

ನಾಚಿಕೆ ಬಿಟ್ಟು ವಸುಧಾಗೆ ಫೋನ್ ಮಾಡಿದೆ. “ನಿಮ್ಮ ಹತ್ರ ಒಂದು ಹಳೇ ಸ್ಲಿಪ್ಪು ಇದ್ರ ಕೊಡ್ರಿ.” ಮೈಸೂರಿನ ವಸುಧಾ ಕಿಲಕಿಲ ನಕ್ಕರು. “ತಮಾಷೆ ಮಾಡ್ತೀರಾ ನೀಲಾಂಬಿಕಾ? ನಮ್ಮ ಹತ್ರ ಇನ್ನೆಲ್ಲಿ ಉಳಿದಿದೆ! ಭಾನುವಾರ ಬನ್ನಿ, ಗೊತ್ತಾಗತ್ತೆ.” ಮತ್ತಿಬ್ಬರಿಗೆ ಮಾಡಿದೆ. ಅವರೂ ನಕ್ಕರು. ಊರಿಗೆ ಊರೇ ಸೇರಿ ನನ್ನಿಂದ ಏನೋ ಮುಚ್ಚಿಡುತ್ತಿದೆ ಅನ್ನಿಸಿತು.

ಭಾನುವಾರ ಸಂಜೆ ಬೇರೆ ದಾರಿಯಿಲ್ಲದೆ ಗಂಡನ ಬಿಳಿ ಲುಂಗಿಯನ್ನು ಮಡಿಸಿ ಸುತ್ತಿಕೊಂಡು, ಆರು ಸೇಫ್ಟಿಪಿನ್ನು ಚುಚ್ಚಿ, ಮೇಲೆ ಸ್ಕರ್ಟು ತೊಟ್ಟೆ.

“ಕುಂತ್ರ ಪಿನ್ನು ಚುಚ್ಚತಾವು. ನಿಂತs ಇರು” ಎಂದರು ಸಿದ್ದಲಿಂಗಯ್ಯ. “ಮತ್ತ ಆ ಲುಂಗಿ ನನಗ ಒಂದs ಐತಿ, ನೆನಪಿರ್ಲಿ.”

ವೇದಿಕೆಯಲ್ಲಿ ಹಿಂದಿನಿಂದ ದೀಪ ಬೀಳುತ್ತಿತ್ತು. ನಾನು ಕುರ್ಚಿ ಬೇಡವೆಂದು ನಿಂತೇ ಇದ್ದೆ; ಜನ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ವಸುಧಾ ಮೈಕು ಹಿಡಿದರು.

“ಇವರ ಒಂದು ಬರಹ ನಮ್ಮೆಲ್ಲರ ಮನೆಯನ್ನೇ ಬದಲಾಯಿಸಿತು.” ಕಲ್ಲಿದ್ದಲ ಧೂಳಿಗೆ ತಕ್ಕ ಗಂಭೀರ ಮುಖ ಮಾಡಿಕೊಂಡೆ. “ಎರಡು ವರ್ಷದ ಹಿಂದೆ ಪ್ಲಾಸ್ಟಿಕ್ ಬಿಡಿ ಅಂತ ಬರೆದರಲ್ಲ, ಅದರ ಕೊನೆಯ ನಾಲ್ಕು ಸಾಲು! ‘ಹಳೆಯ ಸ್ಲಿಪ್ಪಿನ ತಳ ಹೊಲಿಯಿರಿ, ಇಲ್ಯಾಸ್ಟಿಕ್ ಬಾಯಿಯ ಚೀಲ ಸಿದ್ಧ.’ ಎಲ್ಲಿ, ಎಲ್ಲರೂ ಎತ್ತಿ ತೋರಿಸಿ!”

ಸಭೆಯಲ್ಲಿ ನಲವತ್ತು ಕೈಗಳು ಮೇಲೆದ್ದವು. ಬಿಳಿ, ಕೆನೆ, ತಿಳಿಗುಲಾಬಿ, ತಳದಲ್ಲಿ ಲೇಸು. ನಾಗಪುರದ ಒಳಲಂಗಗಳೆಲ್ಲ ಅಲ್ಲಿದ್ದವು, ಹೊಟ್ಟೆಯಲ್ಲಿ ಹೀರೇಕಾಯಿ ತುಂಬಿಕೊಂಡು. ಮುಂದಿನ ಸಾಲಿನಲ್ಲಿ ನನ್ನ ಗಂಡನೂ ನಮ್ಮ ತರಕಾರಿ ಚೀಲ ಎತ್ತಿ ಹಿಡಿದಿದ್ದರು. ಗಾಂಧಿಬಾಗಿನಲ್ಲಿ ಅಂಗಡಿಯಿಂದ ಅಂಗಡಿಗೆ ನಾನು ಸ್ಕರ್ಟು ಹೊತ್ತು ತಿರುಗಿದ್ದು ಅದರಲ್ಲೇ. ಜಾಗ ಉಳಿದಿತ್ತೆಂದು ತುಂಬಿಸಿ ನಾನೇ ಮರೆತಿದ್ದ ನಾಲ್ಕು ಸಾಲು! ಏಳು ವರ್ಷದ ಸಿಟ್ಟಿನಲ್ಲಿ ಜನ ಓದಿದ್ದು ಅಷ್ಟೇ.

ಸನ್ಮಾನವೆಂದು ಶಾಲು ಹೊದಿಸಿ, ಕಿತ್ತಳೆ ತುಂಬಿದ ಒಂದು ಹೊಚ್ಚಹೊಸ ಚೀಲ ಕೊಟ್ಟರು. ಅಪ್ಪಟ ಬಿಳಿ. ಒಮ್ಮೆಯೂ ತೊಡದ ಸ್ಲಿಪ್ಪು. ನನ್ನದೇ ಅಳತೆ.

ಕೆಳಗಿಳಿದಾಗ ಗಂಡ ಕಿವಿಯಲ್ಲಿ ಅಂದರು: “ಹಣ್ಣು ನಾ ಹಿಡಕೋತೀನಿ. ನೀ ಒಳಗ ಹೋಗಿ ಚೀಲ ಹಾಕ್ಕೊಂಡು, ನನ್ನ ಲುಂಗಿ ಬಿಚ್ಚಿ ಕೊಡು.”

ಗ್ರೀನ್‌ರೂಮಿನಲ್ಲಿ ಚೀಲದ ಹೊಲಿಗೆಯನ್ನು ಹಲ್ಲಿನಿಂದ ಎಳೆದೆ, ಪಿನ್ನಿನಿಂದ ಮೀಟಿದೆ. ತಳ ಬಿಚ್ಚಲಿಲ್ಲ. ‘ಯಾರು ಎಳೆದರೂ ಬರದಂತೆ ಎರಡೆರಡು ಹೊಲಿಗೆ ಹಾಕಿ’ ಎಂದು ಆ ನಾಲ್ಕನೆಯ ಸಾಲಿನಲ್ಲಿ ಬರೆದವಳೂ ನಾನೇ.