ದಶಕದ ಆಟಕ್ಕೆ ಕುಮಟೆಯಲ್ಲಿ ಓಟು

ಓಟು ಅಂದ ಕೂಡಲೇ ನಮ್ಮ ಕಡೆಯವರಿಗೆ ಎಂತದೋ ಆವೇಶ ಬರ್ತದೆ, ಅದು ವಿಡಿಯೋ ಗೇಮಿನ ಓಟೇ ಆದರೂ. ತೊಂಬತ್ತೆಂಟರಿಂದ ಹತ್ತು ವರ್ಷ ಕುಮಟೆ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ವಿಡಿಯೋ ಗೇಮ್ ಅಂಗಡಿ ಇತ್ತು. ಪ್ರತಿ ಡಿಸೆಂಬರಿಗೆ ಗಿರಾಕಿಗಳು ಆ ವರ್ಷದ ಒಳ್ಳೆಯ ಆಟದ ಹೆಸರು ಬರೆದು ಬಿಸ್ಕೀಟು ಡಬ್ಬಿಗೆ ಹಾಕುವುದು ಪದ್ಧತಿ. ಗೆದ್ದ ಆಟಕ್ಕೆ ಮುಂದಿನ ವರ್ಷವಿಡೀ ಅಂಗಡಿಯ ಒಂದೇ ಒಂದು ದೊಡ್ಡ ಕಲರ್ ಟಿವಿ. ಹಾಗಾಗಿ ಜಗಳಕ್ಕೇನೂ ಕೊರತೆ ಇರಲಿಲ್ಲ.

ಕಾರಿನ ಆಟ

ಮೊದಲ ವರ್ಷ ಗೆದ್ದದ್ದು ಕಾರಿನ ಆಟ. ಪ್ರಚಾರ ಮಾಡಿದವರು ಹೊನ್ನಾವರ ಬಸ್ಸಿನ ಡ್ರೈವರು. ಬಸ್ಸು ಹೊರಡುವ ಮೊದಲು ಬಂದು ಕೂರುವರು, ಮೊದಲ ತಿರುವಿನಲ್ಲೇ ಮರಕ್ಕೆ ಗುದ್ದುವರು.

"ಬಸ್ಸಲ್ಲಿ ಬ್ರೇಕು ಕಾಲಿಗೆ ಸಿಗ್ತದೆ ಮಾರಾಯ, ಇಲ್ಲಿ ಹೆಬ್ಬೆರಳಿಗೆ!"

ಒಮ್ಮೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜರೊಬ್ಬರು ಹೊಟ್ಟೆ ಹಿಡಿದು ನಕ್ಕರು. ಸ್ವಲ್ಪ ಹೊತ್ತಿಗೆ ಅದೇ ಅಜ್ಜ ಕೈಚೀಲದ ಸಮೇತ ಬಸ್ಸಿಳಿದು ಬರುತ್ತಿದ್ದರು.

"ಎಂತ ಅಜ್ಜ, ಹೊನ್ನಾವರಕ್ಕೆ ಹೋಗೂದಿಲ್ವಾ?"

"ಹೋಗ್ಬೇಕಿತ್ತು. ಆದ್ರೆ ಆ ಮನುಷ್ಯ ಅಲ್ಲೂ ಕೂತಿದಾನೆ."

ಜೀಪಿನಲ್ಲಿ ಬಂದ ಮತದಾರರು

ಇನ್ನೊಂದು ವರ್ಷ ಕುಸ್ತಿ ಆಟಕ್ಕೂ ಕ್ರಿಕೆಟ್ಟಿಗೂ ಸಮಸಮ ಪೈಪೋಟಿ. ಕತಗಾಲದ ಕಾಲೇಜು ಹುಡುಗನೊಬ್ಬ ಕುಸ್ತಿ ಸೋಲಬಾರದೆಂದು ಜೀಪು ತುಂಬ ನೆಂಟರನ್ನು ತಂದಿಳಿಸಿದ. ಅವರಲ್ಲಿ ಒಬ್ಬರೂ ಆ ಆಟ ಕಂಡವರಲ್ಲ. ಅವನ ದೊಡ್ಡಪ್ಪ ಗಂಭೀರವಾಗಿ ಚೀಟಿ ಹಾಕಿ, ತೋರುಬೆರಳು ನನ್ನ ಮುಂದೆ ಹಿಡಿದರು. ಇಲ್ಲಿ ಶಾಯಿ ಹಚ್ಚುವುದಿಲ್ಲ ಎಂದೆ.

"ಹೋಗ್ಲಿ ತಮ್ಮಾ," ಎಂದು ಅತ್ತಿತ್ತ ನೋಡಿದರು, "ಊಟ ಎಲ್ಲಿದ್ದು?"

ಹತ್ತು ವರ್ಷದ ಓಟು

ಮನೆಮನೆಗೆ ಕಂಪ್ಯೂಟರ್ ಬಂದು ಅಂಗಡಿ ಮುಚ್ಚುವ ಹೊತ್ತಾಯಿತು. ಕೊನೆಗೊಮ್ಮೆ ಇಡೀ ದಶಕದ ಒಳ್ಳೆಯ ಆಟಕ್ಕೆ ಓಟು ಹಾಕಿಸೋಣ, ಗೆದ್ದ ಆಟವನ್ನು ಆ ಸಂಜೆ ಎಲ್ಲರಿಗೂ ಪುಕ್ಕಟೆ ಆಡಿಸೋಣ ಎಂದು ಬಾಗಿಲಿಗೆ ಬರೆದು ಹಾಕಿದೆ. ಹಳೆಯ ಗಿರಾಕಿಗಳು ಭಟ್ಕಳದಿಂದ, ಮಾವಿನಕುರ್ವೆಯಿಂದ ಹೆಂಡತಿ ಮಕ್ಕಳ ಸಮೇತ ಬಂದರು. ವರ್ಷವರ್ಷದ ಲೆಕ್ಕದಲ್ಲಿ ಕ್ರಿಕೆಟ್ಟೇ ಹೆಚ್ಚು ಸಲ ಗೆದ್ದಿತ್ತು. ಈ ಸಲವೂ ಅದೇ ಎಂದು ಟಿವಿ ಒರೆಸಿ ಇಟ್ಟಿದ್ದೆ.

ಡಬ್ಬಿ ಬಿಚ್ಚಿದರೆ ಕ್ರಿಕೆಟ್ಟಿಗೆ ಬೆರಳೆಣಿಕೆ ಓಟು. ಉಳಿದ ಚೀಟಿಗಳಲ್ಲೆಲ್ಲ ಒಂದೇ ಹೆಸರು: ಕೇರಂ. ಕರೆಂಟು ಹೋದಾಗ ಗಿರಾಕಿ ಎದ್ದು ಹೋಗದಿರಲೆಂದು ನಾನೇ ಮನೆಯಿಂದ ತಂದಿಟ್ಟಿದ್ದ ಕೇರಂ!

"ಅದು ವಿಡಿಯೋ ಗೇಮ್ ಅಲ್ಲ ಮಾರಾಯ್ರೇ!"

"ಎರಡು ಟಿವಿ ಮೇಲೆ ಬೋರ್ಡಿಟ್ಟು ಆಡ್ತಿದ್ವಲ್ಲ," ಎಂದರು ಭಟ್ಕಳದ ಬಟ್ಟೆ ಅಂಗಡಿಯವರು. "ಮತ್ತೆಂತ ಗೇಮು ಅದು? ಕರೆಂಟಿದ್ದಾಗ ನೀವು ಗಂಟೆ ಲೆಕ್ಕದ ದುಡ್ಡಿಗೆ ಗಡಿಯಾರ ನೋಡ್ತಾ ಕೂರ್ತಿದ್ರಿ. ಹೋದಾಗ ಮಾತ್ರ ನಮ್ಮ ಜೊತೆ ಕೂತು ಆಡಿ, ಚಾ ತರಿಸ್ತಿದ್ರಿ."

ಒಳಗೆ ಹೋಗಿ ಧೂಳು ಹಿಡಿದ ಬೋರ್ಡು ತಂದು ಟಿವಿಗಳ ಮೇಲಿಟ್ಟೆ. ಪೌಡರು ಉದುರಿಸುವಷ್ಟರಲ್ಲಿ ಅಂಗಡಿಯೆಲ್ಲ ಕತ್ತಲು. ಹೊರಗೆ ನೋಡಿದರೆ ಪಕ್ಕದ ಅಂಗಡಿಗಳಲ್ಲಿ ದೀಪ ಉರಿಯುತ್ತಿದೆ. ಮೇನ್ ಸ್ವಿಚ್ಚಿನ ಹತ್ತಿರದಿಂದ ಭಟ್ಕಳದವರ ದನಿ ಬಂತು:

"ಕರೆಂಟು ಹೋಯ್ತು. ಚಾ ತರಿಸಿ!"