ಕುರ್ಚಿಗೆ ಹಾಕಿದ ಟವೆಲ್

ಸರ್ಕಾರಿ ನೌಕರಿಯಲ್ಲಿ ಸುಮ್ಮನೆ ಕೂತಿದ್ದರೆ ಯಾರೂ ನಮ್ಮ ಗೊಡವೆಗೆ ಬರುವುದಿಲ್ಲ. ಕೂತ ಕುರ್ಚಿ ಬಿಟ್ಟು ಇನ್ನೊಂದು ಸರ್ಕಾರಿ ಕುರ್ಚಿಯತ್ತ ಹೊರಟೆವೋ, ಮನೆಯವರು, ಓಣಿಯವರು, ಕೊನೆಗೆ ಗುರುತಿಲ್ಲದ ಊರಿನವರೂ ವಿಚಾರಣೆಗೆ ನಿಲ್ಲುತ್ತಾರೆ. ನಾನು ಕಮಲಾಪುರದ ಕಾಲುವೆ ಕಚೇರಿಯಲ್ಲಿ ಖಾಯಂ ಗುಮಾಸ್ತೆಯಾಗಿದ್ದವಳು. ಪರೀಕ್ಷೆ ಬರೆದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಆಗಿ ಆಯ್ಕೆಯಾದೆ. ಸಂತೋಷಪಡಲು ನನಗೆ ಸಿಕ್ಕಿದ್ದು ಒಂದು ಸಂಜೆ ಮಾತ್ರ.

ಬಸ್ಸಿನ ನ್ಯಾಯ

ನನ್ನ ಮಾವ ದೋಣಿಮಲೈ ಗಣಿಯ ಸ್ಟಾಫ್ ಬಸ್ಸು ಓಡಿಸಿ ನಿವೃತ್ತರಾದವರು. ಒಂದೇ ನೌಕರಿ, ಒಂದೇ ಕ್ವಾರ್ಟರ್ಸು, ಒಂದೇ ರೂಟು. ಸುದ್ದಿ ಕೇಳಿ ಅವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು.

"ಎರಡು ವರ್ಷ ಪ್ರೊಬೇಷನ್ ಅಂತಿ. ಅದರಾಗ ಅವ್ರು ಬ್ಯಾಡ ಅಂದ್ರ? ಖಾಯಂ ಬಿಟ್ಟು ಟೆಂಪ್ರವರಿಗೆ ಹೊಂಟೀಯೇನವ್ವಾ?"

"ಲೀನ್ ಅಂತ ಇರ್ತೈತಿ ಮಾವ. ಹೊಸ ಕೆಲಸ ಖಾಯಂ ಆಗೋತನ ಹಳೇ ಹುದ್ದಿ ನಂದ. ಒಗ್ಗಲಿಲ್ಲ ಅಂದ್ರ ವಾಪಸ್ ಬರಬಹುದು."

ಅವರಿಗೆ ತಿಳಿಯಲಿಲ್ಲ. ನಾನು ನಿಯಮ ಹೇಳಿದೆ, ನನ್ನ ಯಜಮಾನರು ಉದಾಹರಣೆ ಕೊಟ್ಟರು, ಸಾರು ಆರಿತು. ಕೊನೆಗೆ ಮಾವನೇ ದಾರಿ ಕಂಡುಕೊಂಡರು.

"ಅಂದ್ರ ಕಂಪ್ಲಿ ಬಸ್ಸಿನ ಕಿಟಕ್ಯಾಗಿಂದ ಸೀಟಿಗೆ ಟವೆಲ್ ಒಗದು, ಆಮೇಲೆ ಚಾ ಕುಡ್ಯಾಕ ಹೋದಂಗ."

"ಹೌದ್ರಿ ಮಾವ, ಹಂಗ!"

ಅವರ ಮುಖ ಇನ್ನೂ ಚಿಕ್ಕದಾಯಿತು. "ನಾ ಬಸ್ ಓಡಿಸಿದಾಂವ. ಬಸ್ಸಿನ್ಯಾಗ ಎಲ್ಲಾಕಿಂತ ದೊಡ್ಡ ಜಗಳ ಆಗೋದ ಟವೆಲ್ ಹಾಕಿದ ಸೀಟಿಗೆ."

ಬೀಳ್ಕೊಡುಗೆ

ಹಳೇ ಕಚೇರಿಯಿಂದ ಬಿಡುಗಡೆಯಾದ ದಿನ ಹಾರ ಹಾಕಿದರು, ಮಿರ್ಚಿ ಮಂಡಕ್ಕಿ ಕೊಟ್ಟರು. ಸಾಹೇಬರು ಭಾಷಣ ಶುರು ಮಾಡಿದ್ದರಷ್ಟೇ, ಮಾವ ಬಾಗಿಲಲ್ಲಿ ನಿಂತಿದ್ದರು. ಹೊಸಪೇಟೆಯ ನಮ್ಮ ಮನೆಯಿಂದ ಬಸ್ಸು ಹಿಡಿದು ಬಂದವರು ಯಾರನ್ನೂ ಮಾತಾಡಿಸದೆ ನೇರ ನನ್ನ ಕುರ್ಚಿಗೆ ಹೋಗಿ, ಹೆಗಲ ಮೇಲಿನ ಕೆಂಪು ಚೌಕಳಿ ಟವೆಲ್ ತೆಗೆದು ಸೀಟಿನ ಮೇಲೆ ಹಾಸಿದರು. ನಾಲ್ಕೂ ಮೂಲೆ ಎಳೆದು ಸರಿಮಾಡಿದರು. ನಾನು ನಾಚಿಕೆಯಿಂದ ಮಂಡಕ್ಕಿ ನೋಡುತ್ತ ಕೂತೆ.

"ಏನ್ರೀ ಇದು?" ಅಂದರು ಸಾಹೇಬರು.

"ಲೀನ್ ರಿ."

ಸಾಹೇಬರು ನಕ್ಕು ಭಾಷಣ ಮುಂದುವರಿಸಿದರು. ಆದರೆ ಕಚೇರಿಯ ಅಟೆಂಡರ್ ನಗಲಿಲ್ಲ. ಆತ ಮಾವನ ಹತ್ತಿರ ಬಂದು ಬಹಳ ಗಂಭೀರವಾಗಿ ಕೇಳಿದ, "ಯಜಮಾನ್ರ, ಇದನ್ನ ನಡುನಡುವ ಒಗ್ಯಾಕ ರೂಲ್ಸ್ ಐತೇನ್ರಿ?"

ಓಣಿಯ ಮರುಕ

ನಾನು ಕಮಲಾಪುರದ ಬಸ್ಸು ಬಿಟ್ಟು, ಹೊಸ ಕೆಲಸಕ್ಕೆಂದು ದರೋಜಿ ಕಡೆಯ ಬಸ್ಸು ಹತ್ತುವುದನ್ನು ಪಕ್ಕದ ಮನೆಯಾಕೆ ನೋಡಿಬಿಟ್ಟಳು. ಸಂಜೆ ಬಟ್ಟಲು ತುಂಬ ಸಜ್ಜಕ ಹಿಡಿದು ಬಂದು ನನ್ನ ಕೈ ಸವರುತ್ತ ಕೂತಳು. "ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಎಲ್ಲಾರಿಗೂ ಒಂದೊಂದು ಟೈಮ್ ಹಂಗ ಬರ್ತೈತಿ."

ಖಾಯಂ ನೌಕರಿಯನ್ನು ತಾನಾಗಿ ಬಿಡುವವರು ಇರುತ್ತಾರೆ ಅನ್ನುವುದೇ ಆಕೆಯ ತಲೆಗೆ ಹೊಳೆದಿರಲಿಲ್ಲ. ಇದು ಬಡ್ತಿಗಿಂತ ಹೆಚ್ಚಿನದು, ನಾನೇ ಅಧಿಕಾರಿ ಎಂದೆಲ್ಲ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದಳು. ಹೋಗುವಾಗ ದನಿ ತಗ್ಗಿಸಿ ಕೇಳಿದಳು, "ಎಷ್ಟು ದಿನದ ಸಸ್ಪೆಂಡ್ ರಿ?"

ಸಜ್ಜಕ ಮಾತ್ರ ಮಸ್ತಾಗಿತ್ತು.

ಕರಡಿಯ ಹುದ್ದೆ

ನನ್ನ ಹೊಸ ಪಂಚಾಯ್ತಿ ದರೋಜಿಯ ಕರಡಿ ಗುಡ್ಡಗಳ ಆಸುಪಾಸಿನದು. ಮೊದಲ ಗ್ರಾಮಸಭೆಯಲ್ಲೇ ದೂರು ಬಂತು: ನೀರಿನ ಟ್ಯಾಂಕಿನ ಹತ್ತಿರ ಕರಡಿ ಬರುತ್ತದೆ, ಅಲ್ಲಿ ದೀಪ ಇಲ್ಲ. ಕಾಲುವೆಯ ಕಾಗದ ಬರೆದುಕೊಂಡಿದ್ದವಳಿಗೆ ಕರಡಿಯ ಕಾಗದ ಹೇಗೆ ಬರೆಯಬೇಕೆಂದೇ ಗೊತ್ತಿರಲಿಲ್ಲ. ಆದರೂ ಗತ್ತಿನಿಂದ ಪೆನ್ನು ತೆಗೆದೆ.

ಮುಂದಿನ ಸಾಲಿನ ಮುದುಕರೊಬ್ಬರು ಕೈ ಅಡ್ಡ ಹಿಡಿದರು. "ತಡೀರಿ. ನೀವು ಖಾಯಮ್ಮೇನ್ರಿ?"

"ಇನ್ನೂ ಪ್ರೊಬೇಷನ್ ಅಜ್ಜಾರ."

"ಹಂಗಾರ ಬ್ಯಾಡ ಬಿಡ್ರಿ. ಕರಡಿ ಇಲ್ಲಿ ಖಾಯಂ ಐತಿ. ಖಾಯಂ ಆದವ್ರು ಬರಲಿ, ಅವ್ರಿಗೆ ಹೇಳ್ತೀವಿ."

ಸಭೆಗೆ ಸಭೆಯೇ ನಕ್ಕಿತು. ಅಳು ಬಂದಂತಾಗಿ ಮನೆಗೆ ಫೋನು ಮಾಡಿದೆ. ಮಾವ ತಡಮಾಡಲೇ ಇಲ್ಲ. "ಟವೆಲ್ ಐತಿ, ಜಲ್ದಿ ವಾಪಸ್ ಬಾ." ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೂ ಹಳೇ ಕುರ್ಚಿ ತವರಿನ ಹಾಗೆ ಕಂಡಿತು. ಆದರೆ ಆ ಅಜ್ಜನ ಮಾತು ಕೆಣಕಿತ್ತಲ್ಲ, ಹಟ ಹಿಡಿದೆ. ಬೆನ್ನು ಹತ್ತಿ ಟ್ಯಾಂಕಿಗೆ ದೀಪ ಹಾಕಿಸಿದೆ. ಮರುದಿನ ಅಜ್ಜ ಕಚೇರಿಗೆ ಬಂದರು. ಹೊಗಳಬಹುದೆಂದು ಸೆರಗು ಸರಿಮಾಡಿಕೊಂಡು ಕೂತೆ.

"ಮೇಡಂ, ಭಾಳ ಚಲೋ ಆತ್ರಿ. ಈಗ ಕರಡಿ ಎಷ್ಟು ದೊಡ್ಡದೈತಿ ಅಂತ ನಿಚ್ಚಳ ಕಾಣ್ತೈತಿ."

ಟವೆಲ್ ತೆಗೆದದ್ದು

ಹಾಗೂ ಹೀಗೂ ಪ್ರೊಬೇಷನ್ ಮುಗಿದು, ನಾನು ಅಲ್ಲೇ ಖಾಯಂ ಆದೆ. ಕರಡಿಯೂ ನಾನೂ ಈಗ ಸರಿಸಮಾನರು. ಲೀನ್ ತೀರಿತು, ಹಳೇ ಕುರ್ಚಿ ನನ್ನದಲ್ಲ. ಒಳಗೆಲ್ಲೋ ಚುರ್ ಅಂದಿತಾದರೂ ಹಗುರಾಗಿದ್ದೆ. ಮಾವ ಮಾತ್ರ ಟವೆಲ್ಲಿನ ಚಿಂತೆ ಹಚ್ಚಿಕೊಂಡರು. "ನಮ್ಮ ಟವೆಲ್ ಇದ್ರ ಇನ್ನೊಬ್ಬರು ಹೆಂಗ ಕುಂದ್ರಬೇಕು? ನಡಿ, ತರೋಣು."

ಕಮಲಾಪುರಕ್ಕೆ ಹೋದೆವು. ನನ್ನ ಮೇಜಿನ ಮುಂದೆ ಕುರ್ಚಿ ಇತ್ತು, ಕುರ್ಚಿಯ ಮೇಲೆ ಶುಭ್ರವಾಗಿ ಒಗೆದ ಟವೆಲ್ ಇತ್ತು. ನನ್ನ ಜಾಗಕ್ಕೆ ವರ್ಗವಾಗಿ ಬಂದ ಗುಮಾಸ್ತ ಪಕ್ಕದಲ್ಲಿ ಒಂದು ಮೋಟು ಸ್ಟೂಲಿನ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ಬರೆಯುತ್ತಿದ್ದ.

"ಅಯ್ಯೋ, ಕುರ್ಚಿ ಮ್ಯಾಲೆ ಯಾಕ ಕುಂತಿಲ್ರಿ?" ಅಂದೆ.

"ಈ ಅಟೆಂಡರ್ ಬಿಡ್ಲಿಲ್ರಿ ಮೇಡಂ. ಬಂದ ದಿನಾನ ಟವೆಲ್ ತಗ್ಯಾಕ ಹೋದೆ, ಅದು ಲೀನ್, ಮುಟ್ಟಿದ್ರ ನೌಕರಿ ಹೊಕ್ಕೈತಿ ಅಂದ!"

ಸಾಹೇಬರೇನೂ ಹೇಳಲಿಲ್ಲವೇ ಎಂದು ಕೇಳಿದೆ. ಸಾಹೇಬರು ವರ್ಗವಾಗಿ ಹೋಗಿದ್ದರು, ಹೊಸಬರು ಅದು ಹಳೇ ಆದೇಶ ಇರಬೇಕೆಂದು ತಿಳಿದಿದ್ದರು. ಮಾವ ಮರುಕದಿಂದ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡರು. "ಕುಂದ್ರಪ್ಪಾ, ಈಗ ಸೀಟು ನಿಂದ."

ಆತ ಮೆಲ್ಲಗೆ ಕೂತ. ಬೆನ್ನು ಒರಗಿಸಿದ. ಕಣ್ಣು ಮುಚ್ಚಿ ಒಂದು ನಿಟ್ಟುಸಿರು ಬಿಟ್ಟ. ಮರುಕ್ಷಣವೇ ಚಟ್ಟನೆ ಎದ್ದು ನಿಂತು ಮಾವನ ಹೆಗಲು ನೋಡಿದ.

"ಯಜಮಾನ್ರ, ನಂಗೂ ಸಂಡೂರಿನ ಹೈಸ್ಕೂಲಿಗೆ ಮಾಸ್ತರಾಗಿ ಆರ್ಡರ್ ಬಂದೈತ್ರಿ. ಸೋಮವಾರ ಹೋಗಬೇಕು, ಅಲ್ಲೂ ಪ್ರೊಬೇಷನ್. ಆ ಟವೆಲ್ ಇಲ್ಲೇ ಬಿಟ್ಟು ಹೋಕ್ಕೀರೇನ್ರಿ?"

ಖಾಯಂ ಬಿಟ್ಟು ಟೆಂಪ್ರವರಿಗೆ ಹೊಂಟೀಯೇನು ಎಂದು ಮಾವ ಗದರುತ್ತಾರೆಂದು ಕಾದೆ. ಅವರು ಗದರಲಿಲ್ಲ. ನನ್ನ ಮುಖ ನೋಡಿ ನಕ್ಕು, ಟವೆಲ್ ಮತ್ತೆ ಕುರ್ಚಿಗೆ ಹಾಸಿ, ನಾಲ್ಕೂ ಮೂಲೆ ಎಳೆದು ಸರಿಮಾಡಿದರು. "ಧೈರ್ಯಲೆ ಹೋಗಪ್ಪಾ. ನಮ್ಮ ಸೊಸಿ ಹೋಗಿಲ್ಲೇನು?"

ಮೂಲೆಯಲ್ಲಿ ನಿಂತಿದ್ದ ಅಟೆಂಡರ್ ಹಣೆ ಬಡಿದುಕೊಂಡ. "ಸಾಹೇಬ್ರು ಹೋದ್ರು, ಮೇಡಂ ಹೋದ್ರು, ಇವ್ರೂ ಹೊಂಟ್ರು. ಈ ಆಫೀಸಿನ್ಯಾಗ ಖಾಯಂ ಅಂದ್ರ ನಾನು, ಈ ಟವೆಲ್, ಇಬ್ಬರ ನೋಡ್ರಿ!"