ಅತ್ತಿಗೆಯ ಫೋನು, ನನ್ನ ಪಾರ್ಟಿಷನ್ನು

ಐವತ್ತು ದಾಟಿದ ಗಂಡಸಿಗೆ ಹೊಸದಾಗಿ ಏನಾದರೂ ಚಟ ಹತ್ತಿಕೊಂಡಿತೆಂದರೆ ಮನೆಯವರು ಮೊದಲು ಅವನ ಬಾಯಿ ವಾಸನೆ ನೋಡುತ್ತಾರೆ. ನನ್ನ ಚಟಕ್ಕೆ ವಾಸನೆಯಿಲ್ಲ. ಕಂಪನಿಯವರು ಕೈಬಿಟ್ಟ ಹಳೆಯ ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿ, ಒಳಗಿನ ಹಳೇ ಸಿಸ್ಟಮ್ಮನ್ನು ಅಳಿಸಿ ಹೊಸದನ್ನು ತುಂಬುವುದು ನನ್ನ ಚಟ. ಬಲ್ಲವರು ಇದಕ್ಕೆ ಫ್ಲಾಶ್ ಮಾಡುವುದು ಎನ್ನುತ್ತಾರೆ. ಹಾಗೆ ಮಾಡಲು ಹೋಗಿ ಸತ್ತು ಮತ್ತೆ ಏಳದ ಫೋನಿಗೆ ಅವರೇ ಇಟ್ಟಿಗೆ ಎಂದು ಹೆಸರಿಟ್ಟಿದ್ದಾರೆ. ನಾನು ಇದುವರೆಗೆ ಮೂರು ಇಟ್ಟಿಗೆ ಮಾಡಿದ್ದೇನೆ. "ಇನ್ನೊಂದಿಷ್ಟು ಮಾಡಿ, ತುಳಸಿಕಟ್ಟೆ ರಿಪೇರಿಗೆ ಆಗುತ್ತೆ" ಎನ್ನುತ್ತಾಳೆ ನನ್ನ ಹೆಂಡತಿ ಸುಧಾ. ಯಲಹಂಕದ ಕಾಲೇಜೊಂದರ ಲ್ಯಾಬಿನಲ್ಲಿ ಹುಡುಗರು ಸುಟ್ಟ ಮೀಟರುಗಳನ್ನು ಸರಿಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ನನಗೂ ಮನೆಯಲ್ಲಿ ಏನಾದರೂ ಸುಡಬೇಕೆನ್ನುವ ಆಸೆ ಇರಬಾರದೇ?

ಕೋಗಿಲಿನಲ್ಲಿ ನಮ್ಮದು ಅಪ್ಪ ಕಟ್ಟಿಸಿದ ಮನೆ. ಕೆಳಗೆ ಅಣ್ಣ, ಅತ್ತಿಗೆ. ಆಮೇಲೆ ಕಟ್ಟಿಕೊಂಡ ಮಹಡಿಯಲ್ಲಿ ನಾನು, ಸುಧಾ. ಅಡುಗೆಮನೆ ಎರಡಿದ್ದರೂ ಸಾರಿನ ಬಟ್ಟಲು ದಿನಾ ಮೆಟ್ಟಿಲು ಹತ್ತಿ ಇಳಿಯುತ್ತದೆ. ಅತ್ತಿಗೆ ಈ ಮನೆಗೆ ಬಂದಾಗ ನಾನು ಮೂರನೇ ಕ್ಲಾಸು. ಅಮ್ಮ ಹಾಸಿಗೆ ಹಿಡಿದಿದ್ದರು. ನನ್ನ ಶರಟಿಗೆ ಗುಂಡಿ ಹಾಕಿ, ತಲೆಗೆ ಎಣ್ಣೆ ಮೆತ್ತಿ ಶಾಲೆಗೆ ಅಟ್ಟಿದವರು ಅತ್ತಿಗೆ. ಅಮ್ಮನ ಮುಖ ನನಗೆ ಫೋಟೋ ನೋಡಿದರೆ ನೆನಪಾಗುತ್ತದೆ, ಅಮ್ಮ ಎನ್ನುವ ಮಾತು ಕೇಳಿದರೆ ಅತ್ತಿಗೆಯ ಮುಖ. ಇದನ್ನು ಅವರೆದುರು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಅವರ ಫೋನು ಮುದಿಯಾಗಿತ್ತು. "ಇದು ನನ್ನಂಗೇ ಆಗೈತೆ ಕಣ್ ಸೀನ, ಮೂರು ಸಲ ಕರದ್ರೆ ಒಂದು ಸಲ ಓ ಅಂತದೆ" ಎಂದು ನನ್ನ ಕೈಗೆ ಕೊಟ್ಟರು. ಹೊಸದು ತರುತ್ತೇನೆಂದರೆ ಬೇಡ, ಇದಕ್ಕೇ ಕೈ ಒಗ್ಗಿದೆ ಎಂದರು. ನನಗೆ ಬೇಕಾಗಿದ್ದೂ ಅದೇ. ಅದರಲ್ಲಿದ್ದ ಅವರ ರಂಗೋಲಿ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಟ್ಟು, ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಕೂತೆ.

ಇಲ್ಲೊಂದು ಸಣ್ಣ ವಿವರ ಹೇಳದೆ ವಿಧಿಯಿಲ್ಲ. ಈಗಿನ ಫೋನುಗಳ ಹೊಟ್ಟೆಯಲ್ಲಿ ಸಿಸ್ಟಮ್ಮಿಗೆಂದು ಒಂದು ದೊಡ್ಡ ಜಾಗ ಮೀಸಲು. ಅದರೊಳಗೆ ಸಿಸ್ಟಮ್ಮಿಗೊಂದು ಪಾಲು, ಚಿಪ್ಪು ಮಾಡಿದವರಿಗೊಂದು ಪಾಲು, ಕಂಪನಿಯವರು ತುರುಕಿದ ಬೇಕಾದ್ದು ಬೇಡದ್ದಕ್ಕೆಲ್ಲ ಇನ್ನೊಂದು ಪಾಲು. ಇವಕ್ಕೆ ಪಾರ್ಟಿಷನ್ ಎಂದು ಹೆಸರು. ಹಿಂದಿನ ಫೋನುಗಳಲ್ಲಿ ಪಾಲುಗಳ ನಡುವೆ ಅಲುಗದ ಗೋಡೆ ಇರುತ್ತಿತ್ತು. ಈಗ ಗೋಡೆಯನ್ನು ಆಚೀಚೆ ಸರಿಸಬಹುದು, ಒಟ್ಟು ಜಾಗ ಮಾತ್ರ ಇದ್ದಷ್ಟೇ. ನಾನು ತುಂಬಲು ಹೊರಟ ಸಿಸ್ಟಮ್ಮು ಸ್ವಲ್ಪ ದಪ್ಪ. ಜಾಗ ಸಾಲದು ಎಂದು ಕಂಪ್ಯೂಟರು ಹಟ ಹಿಡಿಯಿತು.

ಇಂಥ ಹೊತ್ತಿನಲ್ಲಿ ನನಗೆ ಅನ್ವರೇ ದಿಕ್ಕು. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಈಗ ಆರ್.ಟಿ. ನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಒಳಗೆ ಸಿಗ್ನಲ್ ಸಿಗದೆ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದೆ. "ಕಂಪನಿಯೋರ ಪಾಲಿದೆಯಲ್ಲ, ಅದನ್ನ ಡಿಲೀಟ್ ಮಾಡು ಗುರು. ಆ ಜಾಗ ನಿನ್ ಸಿಸ್ಟಮ್ಮಿಗೆ ಬರ್ತದೆ, ಆರಾಮಾಗಿ ಕೂರ್ತದೆ" ಎಂದ ಅನ್ವರ್. ಮೆಟ್ಟಿಲ ಕೆಳಗೆ ಅತ್ತಿಗೆ ಅವರೆಕಾಯಿ ಸುಲಿಯುತ್ತ ಕೂತದ್ದನ್ನು ನಾನು ನೋಡಲಿಲ್ಲ. ಅವರಿಗೆ ಅನ್ವರನ ಮಾತು ಕೇಳಿಸಲಿಲ್ಲ. ಕೇಳಿಸಿದ್ದು ನನ್ನದಷ್ಟೇ:

"ಪಾರ್ಟಿಷನ್ ವಿಚಾರ ಕಣೋ. ಜಾಗ ಸಾಲ್ತಾ ಇಲ್ಲ."

"ಹೂಂ, ಇಷ್ಟು ದಿನ ಅವರೇ ತುಂಬ್ಕೊಂಡು ಕೂತಿದ್ದಾರೆ."

"ಅವರನ್ನ ತೆಗೆದುಹಾಕಿದ್ರೆ ಮುಂದೆ ಏನೂ ತೊಂದ್ರೆ ಬರಲ್ಲ ತಾನೆ?"

"ಇಲ್ಲ, ಅತ್ತಿಗೆಗೆ ಇನ್ನೂ ಹೇಳಿಲ್ಲ. ಎಲ್ಲಾ ಮುಗಿಸಿಬಿಟ್ಟೇ ಹೇಳ್ತೀನಿ."

ಕೋಗಿಲಿನಲ್ಲಿ ಪಾರ್ಟಿಷನ್ ಎಂಬ ಇಂಗ್ಲಿಷ್ ಪದ ಬಾರದ ಅಜ್ಜಿಯಿಲ್ಲ. ರಾಗಿ ಹೊಲಗಳು ಸೈಟುಗಳಾದ ಮೇಲೆ ನಮ್ಮ ಕಡೆ ಅದಕ್ಕಿರುವುದು ಒಂದೇ ಅರ್ಥ. ಅತ್ತಿಗೆಯ ಇಬ್ಬರು ಅಣ್ಣಂದಿರು ಪಾರ್ಟಿಷನ್ ಕೇಸು ಹಾಕಿಕೊಂಡು ಮಾತು ಬಿಟ್ಟಿದ್ದಾರೆ. ಒಬ್ಬನ ಮನೆಯಲ್ಲಿ ಉಂಡರೆ ಇನ್ನೊಬ್ಬ ಮುನಿಯುತ್ತಾನೆಂದು ಅತ್ತಿಗೆ ತವರಿಗೆ ಹೋಗುವುದನ್ನೇ ಬಿಟ್ಟು ಎಷ್ಟೋ ವರ್ಷವಾಯಿತು. ಅವರಿಗೆ ಉಳಿದಿದ್ದು ಈ ಮನೆಯೊಂದೇ.

ಅಂದು ಅವರೆಕಾಳಿನ ಸಾರು ಮೇಲೆ ಬರಲಿಲ್ಲ. ಮರುದಿನ ಸಾರಿನ ಬದಲು ಹಿತ್ತಾಳೆ ಕೊಳಗ ಬಂತು. ಅದರ ಮಾರನೆಯ ದಿನ ಎರಡು ಬಿಂದಿಗೆ, ಅಮ್ಮನ ಕಾಲದ ಒಂದು ಪರಾತ. ಸಂಕ್ರಾಂತಿ ಹತ್ತಿರ ಬಂತಲ್ಲ, ಅಕ್ಕ ಅಟ್ಟ ಗುಡಿಸುತ್ತಿರಬೇಕು ಎಂದುಕೊಂಡಳು ಸುಧಾ. ಅಳಿಸಿದರೆ ನಾಲ್ಕನೇ ಇಟ್ಟಿಗೆಯಾದೀತೆಂದು ಹೆದರಿ, ಕೆಲಸದಿಂದ ಬಂದು ಫೋನಿನ ಮುಂದೆ ಸುಮ್ಮನೆ ಕೂರುತ್ತಿದ್ದ ನಾನು ತಲೆ ಎತ್ತದೆ, "ಮಂಚದ ಕೆಳಗೆ ತಳ್ಳು" ಎಂದೆ.

ಬುಧವಾರ ಸಂಜೆ ಅಣ್ಣ ಮೇಲೆ ಬಂದ. ಮಂಡಿನೋವಿನವನು, ಹಾಗೆಲ್ಲ ಮೆಟ್ಟಿಲು ಹತ್ತುವವನಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಕ್ಯಾಲೆಂಡರು ನೋಡುತ್ತ ಹೇಳಿದ: "ನಿಮಗೆ ಯಾವ ಕಡೆ ಬೇಕು ಅಂತ ಏಳಿಬಿಡಿ. ನಾವು ಬಿಟ್ಕೊಡ್ತೀವಿ. ಕೋರ್ಟು ಗೀರ್ಟು ಬ್ಯಾಡ, ಅವಳು ತಡ್ಕೊಳಲ್ಲ."

ಹುಟ್ಟಿದಾಗಿನಿಂದ ನನ್ನನ್ನು 'ಲೋ' ಎಂದು ಕರೆದ ಅಣ್ಣ ನನಗೆ 'ನೀವು' ಎಂದ. ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನನಗೆ ಮಾತೇ ಹೊರಡಲಿಲ್ಲ. ಕೊಳಗ, ಬಿಂದಿಗೆ, ಬಾರದ ಸಾರು, ಮೆಟ್ಟಿಲ ಮೇಲಿನ ಮಾತು ಎಲ್ಲ ಒಟ್ಟಿಗೆ ತಲೆಗೆ ಬಂದಾಗ ಕೈಲಿದ್ದ ಫೋನಿನ ಸಮೇತ ಕೆಳಗೆ ಓಡಿದೆ.

ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಕೂತು ಸ್ಟೀಲ್ ತಟ್ಟೆಗಳನ್ನು ಎರಡು ಸಾಲು ಮಾಡುತ್ತಿದ್ದರು. ಕಣ್ಣು ಕೆಂಪಾಗಿತ್ತು. ತಲೆ ಎತ್ತಿ "ಬನ್ನಿ" ಎಂದರು. ಅವರೆದುರು ಚಕ್ಕಂಬಕ್ಕಳ ಹಾಕಿ ಕೂತು, ಪಾರ್ಟಿಷನ್ ಮನೆಯದಲ್ಲ, ಈ ಫೋನಿನದು ಎಂದು ಮೂರು ಸಲ ಹೇಳಿದೆ.

"ಫೋನಲ್ಲಿ ಯಾಕಪ್ಪ ಪಾರ್ಟಿಷನ್ನು? ಅದ್ಕೇನು ಅಣ್ತಮ್ದೀರು ಅವ್ರಾ?" ಎಂದರು ಅತ್ತಿಗೆ. ನಂಬಿಕೆ ಬಂದಿರಲಿಲ್ಲ.

ಒಟ್ಟು ಜಾಗ ಒಂದೇ, ಒಳಗಿನ ಗೋಡೆ ಬೇಕಾದ ಹಾಗೆ ಸರಿಯುತ್ತದೆ, ತುಂಬಿಕೊಂಡು ಕೂತವರು ಎಂದರೆ ಫೋನಿನ ಕಂಪನಿಯವರು, ನೀವಲ್ಲ ಎಂದು ವಿವರಿಸಿದೆ. ಅತ್ತಿಗೆ ತಟ್ಟೆ ಕೆಳಗಿಟ್ಟು ಯೋಚಿಸಿದರು. "ನಿನ್ನ ಮದ್ವೆಯಾದಾಗ ಅಜಾರದಲ್ಲಿ ಸೀರೆ ಕಟ್ಟಿ ನಿಮಗೆ ಮರೆ ಮಾಡಿದ್ವಲ್ಲ, ಅಂಗಾ? ನೆಂಟ್ರು ಬಂದ್ರೆ ಸೀರೆ ಆಕಡೆ ಎಳೀತಿದ್ವಿ, ಓದ್ರೆ ಈಕಡೆ."

ನಾನು ವಾರಗಟ್ಟಲೆ ಓದಿ ತಿಳಿದದ್ದನ್ನು ಅವರು ಒಂದು ಸೀರೆಯಲ್ಲಿ ಮುಗಿಸಿದರು. 'ನಿನ್ನ' ಎಂದೂ ಅಂದಿದ್ದರು. ಅಷ್ಟು ಸಾಕಾಯಿತು. ಕಂಪ್ಯೂಟರನ್ನು ಅಡುಗೆಮನೆಗೇ ತಂದು, ಅವರ ಕಣ್ಣೆದುರೇ ಕಂಪನಿಯವರ ಪಾಲನ್ನು ಅಳಿಸಿದೆ. ಹೊಸ ಸಿಸ್ಟಮ್ಮು ತಕರಾರಿಲ್ಲದೆ ಒಳಗೆ ಹೋಗಿ ಕೂತಿತು. ಫೋನು ಬೆಳಗಿತು, ರಂಗೋಲಿಗಳು ವಾಪಸಾದವು. ಮಂಚದ ಕೆಳಗಿನ ಕೊಳಗವನ್ನು ನಾನೇ ಹೊತ್ತು ತಂದೆ. "ಲೋ, ಮೂಲೆಗೆ ತಾಗಿಸ್ಬೇಡ್ವೋ" ಎಂದು ಅಣ್ಣ ಮೆಟ್ಟಿಲ ಬುಡದಿಂದ ಗದರಿದ. ಕೇಳಿ ಹಿತವಾಯಿತು.

ಊಟಕ್ಕೆ ಎಲ್ಲರೂ ಕೆಳಗೇ ಕೂತೆವು. ಅತ್ತಿಗೆ ಬಡಿಸುತ್ತ ಬಡಿಸುತ್ತ, "ಆಯ್ತು ಕಣ್ ಸೀನ, ಪಾರ್ಟಿಷನ್ನು ಫೋನಿಂದೇ. ಆದ್ರೆ ಯಾವ ಕಡೆ ಬೇಕು ಅಂತ ನಿಮ್ಮಣ್ಣ ಕೇಳಿದ ತಕ್ಷಣ 'ಬೋರ್‌ವೆಲ್ ಇರೋ ಕಡೆ' ಅಂದ್ಯಂತೆ. ಅದು ಯಾವ ಫೋನಿಂದು?" ಎಂದರು.

ಓದುಗರ ಕ್ಷಮೆ ಇರಲಿ. ನನಗೆ ಮಾತೇ ಹೊರಡಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಹೊರಟಿತ್ತು, ಅದೂ ತಡವರಿಸದೆ. ಆ ಕಡೆಯ ಮೇಲೆ ನನಗೆ ಕಣ್ಣಿತ್ತೆಂದು ಆ ಕ್ಷಣದವರೆಗೆ ನನಗೇ ಗೊತ್ತಿರಲಿಲ್ಲ. ಅತ್ತಿಗೆಗೆ ಇದೇನೂ ಹೊಸದಲ್ಲವಂತೆ. "ಚಿಕ್ಕೋನಿದ್ದಾಗಿಂದ್ಲೂ ಇವನಿಗೆ ದೊಡ್ಡ ಮುದ್ದೇನೇ ಆಗ್ಬೇಕು" ಎಂದು ಸುಧಾಳಿಗೆ ಹೇಳಿ ನಗುತ್ತ ನನ್ನ ತಟ್ಟೆಗೆ ಮುದ್ದೆ ಹಾಕಿದರು. ನಾನು ತಲೆ ತಗ್ಗಿಸಿ ಉಂಡೆ. ಮುದ್ದೆ ದೊಡ್ಡದೇ ಇತ್ತು.